ಬಾವಿಯ ಹಗ್ಗದ ಬಾತ್ಮಿ

ಈ ವರ್ಷ ಮೊದಲ ಬಾರಿಗೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಲಿರುವ ಕಿರಿಯ ಕನ್ನಡ ಶಿಕ್ಷಕ ಶಿಕ್ಷಕಿಯರೇ, ನಿಮ್ಮ ಕೈಗೆ ಕೆಂಪು ಪೆನ್ನು ಕೊಡುವವರು ಅದರ ಜೊತೆಗೆ ಕೊಡಬೇಕಾದ ಎಚ್ಚರಿಕೆಯನ್ನು ಕೊಡುವುದಿಲ್ಲ. ಅದನ್ನು ಕೊಡಲೆಂದೇ ಇದನ್ನು ಬರೆಯುತ್ತಿದ್ದೇನೆ. ಬ್ಯಾಡಗಿಯಲ್ಲಿ ಸೇವೆ ಆರಂಭಿಸಿ, ರಾಣೆಬೆನ್ನೂರಿನಲ್ಲಿ ಬಹುಕಾಲ ಪಾಠ ಹೇಳಿ, ಹಾವೇರಿಯಲ್ಲಿ ನಿವೃತ್ತಳಾದವಳು ನಾನು. ಯಾವ ಬಡ್ತಿ ಯಾವಾಗ ಬಂತೆಂಬುದು ನಿಮಗೆ ಬೇಕಿಲ್ಲ. ಒಂದೇ ಉತ್ತರವನ್ನು ಅಳೆಯುವಾಗ ನಾನು ಎರಡು ಸಲ ತಪ್ಪಿದೆ. ಎರಡನೆಯ ತಪ್ಪು ತಿಳಿದದ್ದು ಬಸ್ಸು ಹತ್ತಿ ಬ್ಯಾಡಗಿಗೆ ಹೋದ ಮೇಲೆ. ನಿಮಗೆ ಬೇಕಾದದ್ದು ಆ ಸಂಗತಿ. ಇಷ್ಟು ವರ್ಷಗಳಾದರೂ ಅದನ್ನು ಹೇಳಲು ಹೊರಟರೆ ನನ್ನ ಮಾತು ಇಂದಿಗೂ ಓಡತೊಡಗುತ್ತದೆ.

ಎಂಬತ್ತರ ದಶಕದಲ್ಲಿ ನಾನು ಬ್ಯಾಡಗಿಯ ಪ್ರೌಢಶಾಲೆಗೆ ಸೇರಿದಾಗ ಮಕ್ಕಳು ಬರೆಯುತ್ತಿರಲಿಲ್ಲ, ಒಪ್ಪಿಸುತ್ತಿದ್ದರು. ಪ್ರಬಂಧಗಳನ್ನು ಗೈಡ್ ಪುಸ್ತಕದಿಂದ ಬಾಯಿಪಾಠ ಮಾಡಿ ಕಾಗದದ ಮೇಲೆ ಇಳಿಸುತ್ತಿದ್ದರು. ಒಂದು ತರಗತಿಯ ಮಕ್ಕಳೆಲ್ಲರ ಅಜ್ಜಿಯರೂ ಒಂದೇ ವಾಕ್ಯದಲ್ಲಿ ಒಂದೇ ಕಥೆ ಹೇಳುತ್ತಿದ್ದರು, ಎಲ್ಲರ ಊರಿನ ಹೊಳೆಯೂ ಒಂದೇ ಬಗೆಯಲ್ಲಿ ಜುಳುಜುಳು ಹರಿಯುತ್ತಿತ್ತು. ಇದು ಮಕ್ಕಳ ತಪ್ಪಲ್ಲ. ನೆನಪಿಗೆ ಅಂಕ ಕೊಟ್ಟು ನೋಟಕ್ಕೆ ಅಂಕ ಕೊಡದ ನಮ್ಮ ತಪ್ಪು. ನಾನು ಓದಿದ್ದು ಪ್ರಶ್ನೆ ಕೇಳಿದವರನ್ನು ಮುಂದಿನ ಸಾಲಿಗೆ ಕರೆದು ಕೂಡಿಸುತ್ತಿದ್ದ ಶಾಲೆಯಲ್ಲಿ. ಆದ್ದರಿಂದ ನನಗೆ ಇದು ಸಹಿಸಲಾಗುತ್ತಿರಲಿಲ್ಲ.

ಆಗ ಬಂತು ಆ ಹೊಸ ಪ್ರಶ್ನೆ. ಉಪಪಠ್ಯದಲ್ಲಿನ ಒಂದು ಕಥೆಯನ್ನು ಓದಿ ಅದರ ಘಟನೆಯನ್ನು ಪತ್ರಿಕಾ ವರದಿಯಾಗಿ, ನಮ್ಮ ಕಡೆಯ ಮಾತಿನಲ್ಲಿ ಬಾತ್ಮಿಯಾಗಿ, ಬರೆಯಬೇಕು. ಅದಕ್ಕೆ ಹತ್ತು ಅಂಕ. ಅದು ಬಂದ ವರ್ಷ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಚಹಾದಂಗಡಿಯಿಂದ ಹಳೆಯ ಪತ್ರಿಕೆಗಳನ್ನು ಬೇಡಿ ತಂದು ಬೆಂಚುಗಳ ಮೇಲೆ ಹರಡಿದೆ. ಶೀರ್ಷಿಕೆ ಏಕೆ ದಪ್ಪಕ್ಷರದಲ್ಲಿರುತ್ತದೆ, ಊರು ದಿನಗಳು ಏಕೆ ಮೊದಲು ಬರುತ್ತವೆ ಎಂದು ಮಕ್ಕಳೇ ಕಂಡುಹಿಡಿದರು. ಇಡೀ ತರಗತಿ ಗದ್ದಲವೋ ಗದ್ದಲ. ಮುಖ್ಯಾಧ್ಯಾಪಕರು ಬಾಗಿಲಲ್ಲಿ ನಿಂತು, “ಅಕ್ಕೋರ, ಇದು ಸಾಲಿನೋ ಸಂತಿಯೋ?” ಎಂದರು. ಸಂತೆಯಲ್ಲಿ ಎಲ್ಲರೂ ಮಾತಾಡುತ್ತಾರೆ ಸರ್, ಶಾಲೆಯೂ ಹಾಗಿರಲಿ, ಎಂದೆ. ಅವರು ನಕ್ಕು ಹೋದರು. ಆದರೆ ಬಾಗಿಲನ್ನು ಎಳೆದುಕೊಂಡೇ ಹೋದರು.

ವರದಿಗಾಗಿ ಹೆಚ್ಚಾಗಿ ಬರುತ್ತಿದ್ದ ಕಥೆ ಹೀಗಿತ್ತು. ಶ್ರೀಮಂತರ ಮನೆಯಲ್ಲಿ ಮದುವೆಯ ಮುಂಜಾನೆ. ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದ ಕೂಲಿ ಹೆಣ್ಣುಮಗಳು ಹಗ್ಗ ಕಡಿದು ಬಾವಿಗೆ ಬೀಳುತ್ತಾಳೆ. ಮದುಮಗ ಬಾಸಿಂಗ ಕಟ್ಟಿಕೊಂಡೇ ಧುಮುಕಿ ಅವಳನ್ನು ಮೇಲೆತ್ತುತ್ತಾನೆ. ಊರೆಲ್ಲ ಅವನನ್ನು ಕೊಂಡಾಡುತ್ತದೆ, ಮುಹೂರ್ತವೂ ತಪ್ಪುವುದಿಲ್ಲ. ಬಿದ್ದವಳನ್ನು ಕಥೆ ಮೊದಲಿನಿಂದ ಕೊನೆಯವರೆಗೆ “ನೀರಿನವಳು” ಎಂದೇ ಕರೆಯುತ್ತದೆ.

ಈ ಕಥೆಯ ಮೇಲೆ ಬಂದ ವರದಿಗಳನ್ನು ನೆನೆದರೆ ಒಬ್ಬಳೇ ಕೂತು ನಗುತ್ತೇನೆ. ಒಬ್ಬಳು, ಬದುಕಿ ಬಂದ ನೀರಿನವಳ ಬಗ್ಗೆ “ಮೃತರು ಅಪಾರ ಬಂಧುಬಳಗವನ್ನು ಅಗಲಿದ್ದಾರೆ” ಎಂದು ಮುಗಿಸಿದ್ದಳು. ಪತ್ರಿಕೆಯಲ್ಲಿ ಬಾವಿಗೆ ಬಿದ್ದವರೆಲ್ಲರ ಸುದ್ದಿಯೂ ಹಾಗೆಯೇ ಮುಗಿಯುತ್ತದೆಂದು ಅವಳ ವಾದ. ಇನ್ನೊಬ್ಬ ವರದಿಯ ಕೆಳಗೆ ಚೌಕ ಹಾಕಿ “ವಧೂವರರಿಗೆ ಶುಭ ಕೋರುವವರು” ಎಂದು ತನ್ನ ಗೆಳೆಯರ ಹೆಸರುಗಳನ್ನು ಬರೆದಿದ್ದ. ನಾನು ರಾಣೆಬೆನ್ನೂರಿಗೆ ವರ್ಗವಾದ ಮೇಲೆ ಮೇಡ್ಲೇರಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಹೀಗೆ ಬರೆದ: “ನಾನು ಬಾವಿಯ ಪಕ್ಕದಲ್ಲಿಯೇ ಇದ್ದೆನು. ಆದರೆ ವರದಿ ಬರೆಯುವುದಿದ್ದ ಕಾರಣ ಹಾರಲಿಲ್ಲ.” ಅವನಿಗೆ ಒಂಬತ್ತು ಅಂಕ ಕೊಟ್ಟೆ. ಇಂದು ಕೇಳಿದರೂ ಒಂಬತ್ತೇ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ತೊಂಬತ್ತರ ದಶಕದ ಆರಂಭ. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಈ ಮೂರು ಊರುಗಳ ಕೆಲವು ಶಾಲೆಗಳು ಸೇರಿ ಒಂಬತ್ತನೆಯ ತರಗತಿಗೆ ಒಂದೇ ವಾರ್ಷಿಕ ಪರೀಕ್ಷೆ ನಡೆಸುತ್ತಿದ್ದವು. ಪಕ್ಷಪಾತ ಆಗಬಾರದೆಂದು ಒಂದೂರಿನ ಪತ್ರಿಕೆಗಳನ್ನು ಇನ್ನೊಂದೂರಿನವರು ನೋಡಬೇಕು. ಹೆಸರಿನ ಜಾಗವನ್ನು ಮಡಚಿ ಅಂಟಿಸಿ ಮೇಲೆ ಸಂಖ್ಯೆ ಮಾತ್ರ ಬರೆದಿರಬೇಕು. ಯಾವ ಊರಿನ ಕಟ್ಟು ಎಂಬುದೂ ನಮಗೆ ತಿಳಿಯಬಾರದು. ಆದರೆ ಬ್ಯಾಡಗಿಯ ಕಟ್ಟು ಬಿಚ್ಚಿದೊಡನೆ ಕೋಣೆಯಲ್ಲಿ ನಾಲ್ವರು ಸೀನುತ್ತಿದ್ದರು! ಮೆಣಸಿನಕಾಯಿಯ ಘಾಟು ಉತ್ತರಪತ್ರಿಕೆಗೂ ಹತ್ತಿರುತ್ತಿತ್ತು. ಹಾಳೆಯ ಮೂಲೆಗಳಲ್ಲಿ ಹೆಬ್ಬೆರಳಿನ ಕೆಂಪು ಗುರುತುಗಳಿರುತ್ತಿದ್ದವು. ನಾವು ನಗುತ್ತ ಕರವಸ್ತ್ರ ಹಿಡಿಯುತ್ತಿದ್ದೆವು. ನಗಬಾರದಿತ್ತು. ಆ ಗುರುತಿನ ಅರ್ಥ, ಸುಗ್ಗಿಯ ತಿಂಗಳುಗಳಲ್ಲಿ ಆ ಮಕ್ಕಳು ಶಾಲೆಗೆ ಬರುವ ಬದಲು ರಾಶಿಯ ಮುಂದೆ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು ಎಂದು. ಬ್ಯಾಡಗಿಯಲ್ಲಿದ್ದವಳು ನಾನು, ನನಗದು ಗೊತ್ತಿತ್ತು. ಅಂಥ ಮನೆಯ ಮಗು ಒಂಬತ್ತರಲ್ಲಿ ಒಮ್ಮೆ ನಪಾಸಾದರೆ ಮತ್ತೆ ಶಾಲೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಅದಕ್ಕೆ ಪುಸ್ತಕದ ಬಾಗಿಲು ಅಲ್ಲಿಗೇ ಮುಚ್ಚುತ್ತಿತ್ತು.

ಮೌಲ್ಯಮಾಪನ ನಡೆದದ್ದು ರಾಣೆಬೆನ್ನೂರಿನಲ್ಲಿ, ಸುಡು ಏಪ್ರಿಲಿನಲ್ಲಿ. ಮುಖ್ಯ ಮೌಲ್ಯಮಾಪಕರು ಅಂಗಡಿ ಸರ್. ಉತ್ತರಸೂಚಿಯನ್ನು ಬರೆದವರೂ ಅವರೇ. ಸೂಚಿಯ ಪ್ರಕಾರ ಶೀರ್ಷಿಕೆಗೆ ಎರಡು, ಊರು ದಿನಕ್ಕೆ ಒಂದು, ಘಟನೆಗೆ ಐದು, ಭಾಷೆಗೆ ಎರಡು ಅಂಕ. ಶೀರ್ಷಿಕೆ ಮದುಮಗನ ಸಾಹಸದ ಕುರಿತಾಗಿರಬೇಕು. ಘಟನೆಯಲ್ಲಿ ಧುಮುಕಿದ್ದು, ಎತ್ತಿದ್ದು, ಊರು ಹೊಗಳಿದ್ದು, ಮುಹೂರ್ತ ತಪ್ಪದಿದ್ದುದು ಇರಬೇಕು. ಯಾರು ಎಷ್ಟು ಪತ್ರಿಕೆ ಮುಗಿಸಿದರೆಂದು ಗಂಟೆಗೊಮ್ಮೆ ಕರಿಹಲಗೆಯ ಮೇಲೆ ಬರೆಯುವ ಪದ್ಧತಿ ಇತ್ತು. ಮಕ್ಕಳ ಒಂದು ವರ್ಷವನ್ನು ಓಟದ ಸ್ಪರ್ಧೆಯಾಗಿಸಿದ ಪದ್ಧತಿ ಅದು, ಮತ್ತು ಅದರಲ್ಲಿ ನನ್ನ ಹೆಸರು ಮೇಲೆ ಇರುತ್ತಿತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಆ ಓಟದಲ್ಲಿಯೇ, ಮೂಲೆಯಲ್ಲಿ ಕೆಂಪು ಗುರುತಿದ್ದ ಬ್ಯಾಡಗಿಯ ಕಟ್ಟಿನ ಒಂದು ವರದಿಗೆ ಹತ್ತಕ್ಕೆ ಎರಡು ಕೊಟ್ಟು, ಅಂಚಿನಲ್ಲಿ ಕೆಂಪು ಶಾಯಿಯಿಂದ “ಪಾಠದಲ್ಲಿಲ್ಲ” ಎಂದು ಬರೆದು ಮುಂದೆ ಹೋದೆ. ಆ ಪತ್ರಿಕೆಯ ಒಟ್ಟು ಅಂಕ ಮೂವತ್ತಮೂರಾಯಿತು. ಪಾಸಾಗಲು ಮೂವತ್ತೈದು ಬೇಕು.

ಪಾಸಿನ ಅಂಚಿಗೆ ಬಂದು ನಿಂತ ಪತ್ರಿಕೆಗಳನ್ನು ಕೊನೆಯ ದಿನ ಬೇರೊಬ್ಬರು ನೋಡಬೇಕೆಂಬ ನಿಯಮವಿತ್ತು. ನನ್ನವು ಹೋದದ್ದು ನದಾಫ ಸರ್ ಅವರ ಮೇಜಿಗೆ. ಅವರು ಹಾವೇರಿಯವರು, ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಎರಡರಲ್ಲೂ ನಗೆಚಾಟಿಕೆ. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿತು.

“ಅಕ್ಕೋರ, ನಿಮ್ಮ ಕಟ್ಟಿನ್ಯಾಗ ಒಬ್ಬ ಫೌಜದಾರ ಅದಾನ ನೋಡ್ರಿ! ಮದುವಿ ಮನಿಗೆ ಹೋಗಿ ಹಗ್ಗ ತಪಾಸ ಮಾಡ್ಯಾನ!”

“ಜೋರ್ಲೆ ಓದ್ರಿ ಸರ್, ಎಲ್ಲಾರೂ ಕೇಳೂಣು,” ಎಂದರು ಪಕ್ಕದ ಮೇಜಿನವರು.

ನದಾಫ ಸರ್ ಆಕಾಶವಾಣಿಯ ದನಿಯಲ್ಲಿ ಓದಿದರು: “ಹಳೆಯ ಹಗ್ಗ ಕಡಿದು ಕೂಲಿ ಮಹಿಳೆ ಬಾವಿಗೆ. ಇಲ್ಲಿಯ ಶ್ರೀಮಂತರ ಮನೆಯಲ್ಲಿ ನೀರು ಸೇದುತ್ತಿದ್ದ ಮಹಿಳೆ ಹಗ್ಗ ಕಡಿದು ಬಾವಿಗೆ ಬಿದ್ದಳು. ಹಗ್ಗಕ್ಕೆ ಮೂರು ಕಡೆ ಗಂಟು ಇದ್ದವು. ಹೊಸ ಹಗ್ಗ ಕೊಡಿಸಿರಿ ಎಂದು ಅವಳು ದೀಪಾವಳಿಯಲ್ಲಿ ಕೇಳಿದ್ದಳು. ಕೊಡಿಸಿರಲಿಲ್ಲ. ಮದುಮಗ ಹಾರಿ ಅವಳನ್ನು ಎತ್ತಿದನು. ಮದುವೆ ಚಲೋ ಆಯಿತು. ಬಿದ್ದವಳ ಹೆಸರು ಗೊತ್ತಾಗಿಲ್ಲ. ಮನೆಯವರು ಹೇಳಲಿಲ್ಲ.”

ಕೋಣೆ ನಗೆಯಿಂದ ತುಂಬಿತು. “ಮದುವಿ ಊಟ ಬಿಟ್ಟು ಗಂಟ ಎಣಿಸ್ಯಾನಲ್ಲೋ ಮಾರಾಯ! ಇಂವ ಪೊಲೀಸನ ಮಗನ ಇರಬೇಕು,” ಎಂದರು ಒಬ್ಬರು. ನಾನೂ ನಕ್ಕೆ. ಅದು ಹುಡುಗನ ಬರಹವೆಂಬುದರಲ್ಲಿ ನಮಗೆ ಯಾರಿಗೂ ಸಂಶಯವೇ ಇರಲಿಲ್ಲ.

ಆಗ ಬಾಗಿಲ ಬಳಿಯಿಂದ ಇನ್ನೊಂದು ದನಿ ಬಂತು. ಐದು ದಿನಗಳಿಂದ ನಮಗೆಲ್ಲ ಕುಡಿಯುವ ನೀರು ತಂದುಕೊಡುತ್ತಿದ್ದ ಹೆಂಗಸು ಕೊಡ ಇಳಿಸಿ ನಿಂತಿದ್ದಳು.

“ಗಂಟಿನ ಹಗ್ಗ ಅಂದ್ರ ಹಂಗ ನೋಡ್ರಿ. ಗಂಟು ಗಾಲಿಗೆ ಬಂದು ಸಿಕ್ಕೊಂತೈತಿ. ಬಿಡಸಾಕ ಮುಂದ ಬಗ್ಗಬೇಕಾಕೈತಿ. ಬಗ್ಗಿದಾಗ ಕಡೀತಂದ್ರ, ಹೋಗೂದ ಒಳಗ. ಬರದಾವ್ರು ನೀರ ಸೇದಿದಾವ್ರ ಇರಬೇಕ್ರಿ.”

“ಏ ನೀರು, ನಿನಗ್ಯಾರು ಕೇಳಿದ್ರು? ಹೊರಗ ಕುಂದರು,” ಎಂದರು ಅಂಗಡಿ ಸರ್.

“ಏ ನೀರು!” ಐದು ದಿನ ನಾವೆಲ್ಲ ಹಾಗೆಯೇ ಕರೆದಿದ್ದೆವು, ನಾನು “ಏ” ಎನ್ನುವುದನ್ನು ಬಿಟ್ಟಿದ್ದೆ, ಅಷ್ಟೇ. ಸಮಾನತೆಯ ಭಾಷಣಗಳನ್ನು ಮಾಡಿದ್ದ ನನ್ನ ಕಿವಿಗೆ ಆ ಕರೆಯ ಅನ್ಯಾಯ ಆ ಕ್ಷಣದವರೆಗೆ ಕೇಳಿಸಿರಲಿಲ್ಲ. ಎದ್ದು ಹೋಗಿ ಹೆಸರು ಕೇಳಿದೆ. “ಫಕ್ಕೀರವ್ವ ರೀ,” ಎಂದಳು, ಅದರಲ್ಲೇನು ವಿಶೇಷ ಎಂಬಂತೆ.

ಅಷ್ಟರಲ್ಲಿ ನದಾಫ ಸರ್ ನಗುವುದನ್ನು ನಿಲ್ಲಿಸಿದ್ದರು. “ಅಕ್ಕೋರ, ಪಾಠದಲ್ಲಿಲ್ಲ ಅಂತ ಬರದೀರಿ. ಖರೇನ ಇಲ್ಲೇನ್ರಿ?”

“ಇಲ್ಲ,” ಎಂದೆ. ಎಷ್ಟೋ ವರ್ಷ ಪಾಠ ಹೇಳಿದ ಕಥೆ. ಆದರೆ ಹೇಳಿದ ಕೂಡಲೇ ನನಗೇ ಸಂಶಯ ಬಂತು. ನಾನು ಪಾಠ ಹೇಳಿದ್ದು ಕಥೆಯನ್ನೋ, ಕಥೆಯ ಸಾರಾಂಶವನ್ನೋ? “ಪುಸ್ತಕ ತಗೀರಿ ಸರ್, ನೋಡೇ ಬಿಡೋಣ.”

ಪುಸ್ತಕವೇ ಇರಲಿಲ್ಲ! ಕಿರಿಯರೇ, ಇದನ್ನು ನೀವು ನಂಬಲಾರಿರಿ. ಕೋಣೆಯ ತುಂಬ ಕನ್ನಡ ಶಿಕ್ಷಕರು. ಎಲ್ಲರ ಮೇಜಿನ ಮೇಲೂ ಉತ್ತರಸೂಚಿ. ಯಾರೊಬ್ಬರ ಚೀಲದಲ್ಲಿಯೂ ಕಥೆ ಇಲ್ಲ. ಐದು ದಿನಗಳಿಂದ ನಾವು ಕಥೆಯ ಬಗೆಗಿನ ವರದಿಗಳನ್ನು ಕಥೆಯಿಲ್ಲದೆ ಅಳೆಯುತ್ತಿದ್ದೆವು.

“ನಮ್ಮ ಹುಡುಗೀನೂ ಒಂಬತ್ತನೇತ್ತೆ ಐತ್ರಿ. ಆಕಿ ಪುಸ್ತಕ ಮನ್ಯಾಗ ಐತಿ, ತರ್ಲೇನ್ರಿ?” ಎಂದಳು ಫಕ್ಕೀರವ್ವ.

“ಲಗೂ ತರ್ರಿ ಫಕ್ಕೀರವ್ವ!” ಎಂದೆ.

ಶಾಲೆಯ ಹಿಂದಿನ ಓಣಿಯಲ್ಲಿಯೇ ಅವಳ ಮನೆ. ಸೆರಗು ಬಿಗಿದು ಓಡುತ್ತ ಹೋಗಿ ಓಡುತ್ತ ಬಂದಳು. ರಟ್ಟು ಕಿತ್ತ ಆ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿದೆ. ಎಲ್ಲರೂ ಸುತ್ತ ನೆರೆದರು. ಎರಡನೆಯ ಪುಟದ ನಡುವೆ, ಮದುವೆಯ ಚಪ್ಪರದ ಉದ್ದನೆಯ ವರ್ಣನೆಯ ಬೆನ್ನಿಗೆ ಆ ಸಾಲು ಕೂತಿತ್ತು. ನಾನು ಗಟ್ಟಿಯಾಗಿ ಓದಿದೆ: “ಎರಡು ಕಡೆ ಗಂಟು ಹಾಕಿದ ಆ ಹಗ್ಗವನ್ನು ಬದಲಿಸಬೇಕೆಂದು ನೀರಿನವಳು ದೀಪಾವಳಿಯ ಹೊತ್ತಿಗೇ ಬೇಡಿಕೊಂಡಿದ್ದಳು; ಮದುವೆಯ ಗಡಿಬಿಡಿಯಲ್ಲಿ ಅದು ಯಾರ ನೆನಪಿಗೂ ಬರಲಿಲ್ಲ.”

ಗಡಿಬಿಡಿಯಲ್ಲಿ ಅದು ನಮ್ಮ ನೆನಪಿಗೂ ಬಂದಿರಲಿಲ್ಲ.

ತಪ್ಪು ಮಾಡಿದ ಅವಮಾನಕ್ಕಿಂತ, ನಿಜವಾಗಿ ಓದಿದ ಒಂದು ಮಗು ಈ ಸೀಮೆಯಲ್ಲಿ ಎಲ್ಲೋ ಇದೆಯೆಂಬ ಹಿಗ್ಗೇ ದೊಡ್ಡದಾಗಿತ್ತು! ಎಲ್ಲರೂ ಮದುಮಗನನ್ನು ನೋಡುತ್ತಿದ್ದಾಗ ಆ ಮಗು ಹಗ್ಗವನ್ನು ನೋಡಿತ್ತು. ಯಾರು, ಎಲ್ಲಿ, ಯಾವಾಗ ಎಂದು ನಾವು ಕಲಿಸಿದ್ದೆವು. ಏಕೆ ಎಂಬುದನ್ನು ಅದು ತಾನೇ ಕಲಿತಿತ್ತು. ಪತ್ರಿಕೆಯನ್ನು ಅಂಗಡಿ ಸರ್ ಮುಂದಿಟ್ಟು, ಎಂಟು ಅಂಕ ಕೊಡುತ್ತೇನೆ ಎಂದೆ.

“ಸೂಚಿಯೊಳಗ ಹಗ್ಗ ಇಲ್ಲಲ್ರೀ ಮೇಡಂ.”

“ಸೂಚಿಯೊಳಗ ಇಲ್ಲ, ಕಥಿಯೊಳಗ ಐತಿ. ನಾವು ಯಾವುದಕ್ಕ ಅಂಕ ಕೊಡಾಕತ್ತೇವಿ ಸರ್?”

“ಒಬ್ಬಂದಷ್ಟ ತಿದ್ದಿದ್ರ ಉಳದ ಹುಡುಗರಿಗೆ ಅನ್ಯಾಯ ಆಗೂದಿಲ್ಲೇನು? ಹಗ್ಗ ಬರದಾವ್ರು ಇನ್ನೂ ಇದ್ರ?”

ಅವರ ಮಾತು ನ್ಯಾಯವಾಗಿತ್ತು. ಇಂದಿಗೂ ಅವರನ್ನು ಗೌರವದಿಂದ ನೆನೆಯುವುದು ಆ ಪ್ರಶ್ನೆಗಾಗಿಯೇ. “ಹಂಗಾರ ಎಲ್ಲಾ ಕಟ್ಟೂ ಬಿಚ್ಚೂಣು,” ಎಂದೆ. ಬಸ್ಸಿಗೆ ಹೊರಟಿದ್ದವರು ಗೊಣಗಿದರು. ಒಬ್ಬರು ಚೀಲವನ್ನು ಆಗಲೇ ಹೆಗಲಿಗೇರಿಸಿದ್ದರು. ಮೊದಲು ಕೂತವರು ನದಾಫ ಸರ್. “ಬರ್ರಿ, ಕುಂದರ್ರಿ. ಬಸ್ ಮತ್ತ ಬರತೈತಿ, ಈ ಹುಡುಗನ ವರ್ಷ ಮತ್ತ ಬರಂಗಿಲ್ಲ.” ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಆ ಒಂದು ಉತ್ತರವನ್ನು ಪ್ರತಿ ಪತ್ರಿಕೆಯಲ್ಲಿಯೂ ಮತ್ತೆ ಓದಿದೆವು. ಹಗ್ಗವನ್ನು ಕಂಡವರು ಇನ್ನೂ ಮೂವರಿದ್ದರು. ಅವರಿಗೂ ಅಂಕ ಸೇರಿತು. ಕರಿಹಲಗೆಯ ಮೇಲಿನ ಲೆಕ್ಕವನ್ನು ಯಾರೋ ಅಳಿಸಿಬಿಟ್ಟರು.

ಕೊನೆಗೆ ಅಂಗಡಿ ಸರ್ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ಓದಿದರು. “ಸೂಚಿ ಬರದಾಂವ ನಾನ. ಕಥಿ ಓದಿ ಭಾಳ ವರ್ಷ ಆಗಿತ್ತು,” ಎಂದರು ಮೆಲ್ಲಗೆ. ತಮ್ಮ ಸೂಚಿಯ ಅಂಚಿನಲ್ಲಿ ತಮ್ಮದೇ ಕೈಯಿಂದ “ಹಗ್ಗದ ಸ್ಥಿತಿ” ಎಂದು ಸೇರಿಸಿ ಸಹಿ ಮಾಡಿದರು. ಹೊರಡುವಾಗ, “ಫಕ್ಕೀರವ್ವ, ಪುಸ್ತಕ ತಗೋರಿ,” ಎಂದು ಅವಳ ಕೈಗೆ ಕೊಟ್ಟರು. ಮೂವತ್ತಮೂರು ಮೂವತ್ತೊಂಬತ್ತಾಗಿತ್ತು.

ಫಲಿತಾಂಶದ ದಿನ ನನಗೆ ರಾಣೆಬೆನ್ನೂರಿನಲ್ಲಿ ಕೂರಲಾಗಲಿಲ್ಲ. ನಿಯಮದ ಪ್ರಕಾರ ಆ ಮಗುವಿನ ಹೆಸರು ನನಗೆ ತಿಳಿಯುವಂತಿರಲಿಲ್ಲ. ಆದರೆ ಫಲಿತಾಂಶ ಅಂಟಿಸಿದ ಮೇಲೆ ಯಾವ ಗುಟ್ಟು? ಬ್ಯಾಡಗಿಯ ಬಸ್ಸು ಹತ್ತಿದೆ. ನನ್ನ ಹಳೆಯ ಶಾಲೆಯ ಹಲಗೆಯ ಮುಂದೆ ಮಕ್ಕಳು ಮುತ್ತಿಕೊಂಡಿದ್ದರು. ನಾನು ಕೇಳಿದೆ, “ಬಾವಿ ಪ್ರಶ್ನಿಗೆ ಹಗ್ಗದ ಬಾತ್ಮಿ ಬರದಾಂವ ಯಾರಪ್ಪ?”

ಹುಡುಗರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಒಂದು ದನಿ ಬಂತು.

“ಬರದಾಂವ ಅಲ್ರಿ ಅಕ್ಕೋರ. ಬರದಾಕಿ.”

ತೆಳ್ಳನೆಯ ಹುಡುಗಿ, ತಲೆಯ ಮೇಲೆ ದುಪಟ್ಟ, ಹೆಬ್ಬೆರಳಿನ ಉಗುರು ಕೆಂಪು. ತೊಟ್ಟು ಬಿಡಿಸುವವರು ಹೆಂಗಸರು ಮತ್ತು ಹುಡುಗಿಯರು ಎಂಬುದು ಬ್ಯಾಡಗಿಯಲ್ಲಿ ಯಾರಿಗೆ ಗೊತ್ತಿಲ್ಲ? ಹಾಳೆಯ ಮೇಲೆ ಆ ಗುರುತನ್ನು ಕಣ್ಣಾರೆ ನೋಡಿಯೂ ನಾನು ಹುಡುಗನನ್ನು ಹುಡುಕಿಕೊಂಡು ಬಂದಿದ್ದೆ! ಬುದ್ಧಿವಂತ ಉತ್ತರವೆಂದರೆ ಅದು ಹುಡುಗನದೇ ಎಂಬ ಕೊಳಕು ನನ್ನೊಳಗೂ ಇತ್ತು. ಅವಳ ಹೆಸರು ಮೆಹರುನ್ನೀಸಾ.

“ಪಾಸಾದಿ ಹೌದಿಲ್ಲೋ?” ಎಂದೆ.

“ಆಗೇನ್ರಿ. ಪಾಸಾದ್ರ ಹತ್ತನೇತ್ತೆಗೆ ಕಳಸ್ತೇನಿ ಅಂದಿದ್ಳು ಅಮ್ಮಿ.”

“ಹಗ್ಗದ ಸಾಲು ನಿನಗ ಹೆಂಗ ಕಂಡಿತು?”

“ಕಾಯಿ ಬಿಡಿಸೂ ಕಡೆ ಪೇಪರ್ ಓದಿ ಹೇಳಾಕಿ ನಾನ ರೀ. ನನ್ನ ಪಾಲಿನ ಕಾಯಿ ಉಳದಾವ್ರು ಬಿಡಸ್ತಾರು. ಪೇಪರಿನ್ಯಾಗ ‘ಒಬ್ಬ ಮಹಿಳೆ’ ಅಂತ ಬಂತಂದ್ರ ನಮ್ಮಾವ್ರು ಬಿಡೂದಿಲ್ಲ. ಯಾರಾಕಿ, ಯಾಕ ಬಿದ್ಳು, ಹೆಸರಿಲ್ಲೇನ ಆಕಿಗೆ, ಅಂತ ನನಗ ಜಗಳಾ ತಗೀತಾರು. ಅದಕ್ಕ ಕತಿ ಓದೂಮುಂದನೂ ಹಂಗ ಹುಡುಕಿದ್ನಿ.”

ಇಪ್ಪತ್ತು ಮಂದಿ ಶಿಕ್ಷಕರಿಗೆ ತೋಚದ ಪ್ರಶ್ನೆಗಳನ್ನು ಕೇಳುತ್ತಿದ್ದವರು ಮೆಣಸಿನಕಾಯಿಯ ರಾಶಿಯ ಮುಂದೆ ಕೂತ ಆ ತಾಯಂದಿರು! ನನಗೆ ಕುಣಿದಾಡುವಷ್ಟು ಸಂತೋಷವಾಯಿತು. ನನ್ನ ತಪ್ಪನ್ನೂ, ಅಂಕ ತಿದ್ದಿದ್ದನ್ನೂ ಅವಳಿಗೆ ಹೇಳಿ ಬೆನ್ನು ತಟ್ಟಿದೆ. ಅವಳು ಮಾತ್ರ ನಗಲಿಲ್ಲ. ಬೆರಳಿಗೆ ದುಪಟ್ಟದ ತುದಿ ಸುತ್ತುತ್ತ ನಿಂತಿದ್ದಳು.

“ಅಕ್ಕೋರ, ಅದರಾಗ ಒಂದ ತಪ್ಪ ಐತ್ರಿ. ಗಂಟು ಮೂರು ಅಂತ ಬರದೇನಿ. ಪರೀಕ್ಷಾ ಮುಗದ ಮ್ಯಾಲೆ ಪುಸ್ತಕ ನೋಡಿದ್ನಿ, ಎರಡ ಅದಾವು. ನೀವು ನೋಡಲಿಲ್ಲೇನ್ರಿ?”

ನಾನು ನೋಡಿರಲಿಲ್ಲ. ಆ ಸಾಲನ್ನು ಗಟ್ಟಿಯಾಗಿ ಓದಿದವಳೇ ನಾನು. ಅವಳ ವರದಿಯನ್ನು ಪಕ್ಕದಲ್ಲಿಯೇ ಇಟ್ಟುಕೊಂಡಿದ್ದೆ. ಅನ್ಯಾಯವನ್ನು ಸರಿಪಡಿಸುವ ಹುರುಪಿನಲ್ಲಿ, ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ನನಗೂ ಕಂಡಿರಲಿಲ್ಲ, ಸುತ್ತ ನಿಂತಿದ್ದವರಿಗೂ ಕಂಡಿರಲಿಲ್ಲ.

“ಅರ್ಧ ಅಂಕ ಕಡೀಬೇಕಿತ್ತು,” ಎಂದೆ.

“ಅಂಕ ಕಡದ್ರ ಕಡೀರಿ. ಆದ್ರ ತಪ್ಪ ಬಾತ್ಮಿ ಹೋತಲ್ರೀ. ಪೇಪರಿನ್ಯಾಗ ಆದ್ರ ಮರುದಿನ ತಿದ್ದುಪಡಿ ಹಾಕ್ತಾರು. ಪರೀಕ್ಷಾದಾಗ ಎಲ್ಲಿ ಹಾಕೂದ್ರಿ?”

ಮುಂದಿನ ವರ್ಷದಿಂದ ನಾನು ಕಥೆಯ ಪುಸ್ತಕವಿಲ್ಲದೆ ಯಾವ ಕಟ್ಟನ್ನೂ ಬಿಚ್ಚಲಿಲ್ಲ. ಬಿಚ್ಚುವ ಮುನ್ನ ಕಥೆಯನ್ನು ಹೊಸದಾಗಿ ಓದಿದೆ. ನಿವೃತ್ತಿಯ ದಿನದವರೆಗೂ ಅದನ್ನು ಬಿಡಲಿಲ್ಲ, ನೀವೂ ಬಿಡಬೇಡಿ. ಆದರೆ ಆ ಹುಡುಗಿಯ ಪ್ರಶ್ನೆಗೆ ಅದು ಉತ್ತರವಲ್ಲ. ತಿದ್ದುಪಡಿ ಹಾಕಲು ನನಗೆ ಇಷ್ಟು ವರ್ಷ ಒಂದು ಜಾಗ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ.

ತಿದ್ದುಪಡಿ: ಬಾವಿಯ ಹಗ್ಗಕ್ಕೆ ಇದ್ದದ್ದು ಎರಡು ಗಂಟು, ಮೂರಲ್ಲ. ವರದಿಯ ಉಳಿದ ಎಲ್ಲ ಸಂಗತಿಗಳೂ ನಿಜ. ವರದಿಗಾರ್ತಿ: ಮೆಹರುನ್ನೀಸಾ, ಬ್ಯಾಡಗಿ.